ಗೆಲ್ಲದವನ ಮೇಲಿನ ಬಾಜಿಗೂ ದುಡ್ಡು

ಪ್ರಶ್ನೆ: ಗಾಲ್ಫ್ ಮೇಜರ್‌ಗಳ ವಿಜೇತನ ಮೇಲೆ ಬಾಜಿ ಕಟ್ಟಿದವರಿಗೆ ಅಷ್ಟು ದೊಡ್ಡ ಮೊತ್ತ ಹೇಗೆ ಸಿಗುತ್ತದೆ?

ಉತ್ತರ: ಮುಖ್ಯ ಕಾರಣ, ಕಣದಲ್ಲಿರುವವರ ಸಂಖ್ಯೆ. ಮೇಜರ್ ಟೂರ್ನಿಗಳಲ್ಲೊಂದಾದ ಬ್ರಿಟನ್ನಿನ ಓಪನ್‌ನಲ್ಲಿ 156 ಆಟಗಾರರು, ನಾಲ್ಕು ದಿನ, 72 ಹೋಲ್. ಸಮುದ್ರದ ಗಾಳಿ ದಿಕ್ಕು ಬದಲಿಸಿದರೆ ಲೆಕ್ಕವೆಲ್ಲ ತಲೆಕೆಳಗು. ವಿಶ್ವ ರ‍್ಯಾಂಕಿಂಗ್‌ನಲ್ಲಿ 396ನೆಯ ಸ್ಥಾನದಲ್ಲಿದ್ದ ಬೆನ್ ಕರ್ಟಿಸ್ 2003ರಲ್ಲಿ ತಾವಾಡಿದ ಮೊದಲ ಮೇಜರ್‌ನಲ್ಲೇ ಗೆದ್ದುಬಿಟ್ಟರು.

ರೋರಿ ಮ್ಯಾಕಿಲ್ರಾಯ್ ತಂದೆ ಜೆರಿ ಅವರ ಬಾಜಿಯಂತೂ ಮನಸ್ಸು ತುಂಬುವಂಥದ್ದು. 2004ರಲ್ಲಿ, ರೋರಿಗೆ 15 ವರ್ಷವಿದ್ದಾಗಲೇ, ಮಗ ಹತ್ತು ವರ್ಷದೊಳಗೆ ಓಪನ್ ಗೆಲ್ಲುತ್ತಾನೆಂದು ಅವರು 200 ಪೌಂಡ್ ಕಟ್ಟಿದ್ದರು. ದರ ಒಂದಕ್ಕೆ ಐನೂರು. 2014ರಲ್ಲಿ ಹಾಯ್ಲೇಕ್‌ನಲ್ಲಿ ಮಗ ಕಪ್ ಎತ್ತಿದ, ಅಪ್ಪನಿಗೆ ಲಕ್ಷ ಪೌಂಡ್ ಬಂತು.

ಗೆಲ್ಲದಿದ್ದರೂ ಹಣ ಬರುವ ದಾರಿಯೊಂದಿದೆ: ‘ಈಚ್ ವೇ’. ಹಣದ ಅರ್ಧ ಗೆಲುವಿನ ಮೇಲೆ, ಉಳಿದರ್ಧ ಬೆಂಗಳೂರಿನ ರೇಸ್‌ಪ್ರಿಯರಿಗೂ ಗೊತ್ತಿರುವ ‘ಪ್ಲೇಸ್’ ಮೇಲೆ, ಅಂದರೆ ಮೊದಲ ಕೆಲವು ಸ್ಥಾನಗಳೊಳಗೆ ಬರುತ್ತಾನೆ ಎಂಬುದರ ಮೇಲೆ. ಉದಾಹರಣೆಗೆ, ಬೆಂಗಳೂರಿನ ಅನಿರ್ಬನ್ ಲಾಹಿರಿ 2015ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಬ್ರೂಕ್ಸ್ ಕೆಪ್ಕಾ ಜತೆ ಐದನೇ ಸ್ಥಾನ ಹಂಚಿಕೊಂಡರು. ಮೊದಲ ಐವರಿಗೆ ಕಾಲು ದರ ಕೊಡುವ ನಿಯಮದಲ್ಲಿ, ಇಂಥ ಆಟಗಾರನ ಮೇಲೆ ಒಂದಕ್ಕೆ ನೂರರಂತೆ 10+10 ಪೌಂಡ್ ಕಟ್ಟಿದ್ದರೆ, ಗೆಲುವಿನ 10 ಹೋಯಿತು. ಒಂದೇ ಸ್ಥಾನಕ್ಕೆ ಇಬ್ಬರಾದ್ದರಿಂದ ಪ್ಲೇಸ್‌ನ 10ರಲ್ಲಿ 5 ಪೌಂಡ್ ಮಾತ್ರ ಲೆಕ್ಕಕ್ಕೆ. ಅದಕ್ಕೆ ಇಪ್ಪತ್ತೈದು ಪಟ್ಟು, ಅಂದರೆ 125 ಪೌಂಡ್, ಜತೆಗೆ ಆ 5 ಪೌಂಡ್ ವಾಪಸ್.