ಆರು ದಿನ, ಐದು ಗೆಲುವು: 1899ರ ಸುವಾನಿ ತಂಡ

ಅಮೆರಿಕದ ಟೆನೆಸಿ ರಾಜ್ಯದ ಬೆಟ್ಟದ ಮೇಲೆ ಸುವಾನಿ ಎಂಬ ಪುಟ್ಟ ಊರಿದೆ. ಅಲ್ಲಿನ ‘ಯೂನಿವರ್ಸಿಟಿ ಆಫ್ ದಿ ಸೌತ್’ನ ಫುಟ್‌ಬಾಲ್ ತಂಡ 1899ರಲ್ಲಿ ಆಡಿದ 12 ಪಂದ್ಯಗಳನ್ನೂ ಗೆದ್ದಿತು. ಗಳಿಸಿದ್ದು 322 ಅಂಕ, ಬಿಟ್ಟುಕೊಟ್ಟದ್ದು ಬರೀ 10. ಇದು ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಅಮೆರಿಕನ್ ಫುಟ್‌ಬಾಲ್.

ಪ್ರವಾಸ ಏಕೆ?
ಆಗ ಪಂದ್ಯಗಳನ್ನು ಗೊತ್ತು ಮಾಡುತ್ತಿದ್ದವರು ಬಹುಮಟ್ಟಿಗೆ ವಿದ್ಯಾರ್ಥಿಗಳೇ. ಖರ್ಚು ಹುಟ್ಟಬೇಕಾದದ್ದು ಟಿಕೆಟ್ ಹಣದಿಂದ. ಆ ಹಣದ ಹಂಚಿಕೆಯಲ್ಲಿ ಜಗಳವಾಗಿ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆಗಿನ ವಾರ್ಷಿಕ ಪಂದ್ಯ ಆ ವರ್ಷ ನಡೆಯಲಿಲ್ಲ. ಆ ನಷ್ಟ ತುಂಬಲು ತಂಡದ ವಿದ್ಯಾರ್ಥಿ ಮ್ಯಾನೇಜರ್ ಲ್ಯೂಕ್ ಲೀ ಸುಮಾರು 4,000 ಕಿ.ಮೀ. ರೈಲು ಪ್ರವಾಸ ಹಾಕಿಕೊಂಡರು.

ವೇಳಾಪಟ್ಟಿ
- ನವೆಂಬರ್ 9, ಆಸ್ಟಿನ್: ಟೆಕ್ಸಾಸ್ ವಿರುದ್ಧ 12–0
- ನವೆಂಬರ್ 10, ಹ್ಯೂಸ್ಟನ್: ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10–0
- ನವೆಂಬರ್ 11, ನ್ಯೂ ಆರ್ಲಿಯನ್ಸ್: ಟುಲೇನ್ ವಿರುದ್ಧ 23–0
- ನವೆಂಬರ್ 13, ಬ್ಯಾಟನ್ ರೂಜ್: ಲೂಯಿಸಿಯಾನ ಸ್ಟೇಟ್ ವಿರುದ್ಧ 34–0
- ನವೆಂಬರ್ 14, ಮೆಂಫಿಸ್: ಮಿಸಿಸಿಪಿ ವಿರುದ್ಧ 12–0

ನಡುವಿನ ಭಾನುವಾರವೊಂದೇ ಬಿಡುವು. ಹಗಲು ಆಟ, ರಾತ್ರಿ ಸ್ಲೀಪರ್ ಬೋಗಿಯಲ್ಲಿ ನಿದ್ದೆ. ಊರೂರಿನ ನೀರು ಕುಡಿದು ಹೊಟ್ಟೆ ಕೆಡಬಾರದೆಂದು ಸುವಾನಿಯ ಒರತೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿಕೊಂಡು ಹೋಗಿದ್ದರು.

ಅಂಕದ ಲೆಕ್ಕ
ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಆಗ ಅದಕ್ಕೆ 5 ಅಂಕ, ಅದರ ಬೆನ್ನಿಗೇ ಒದೆಯುವ ಚೆಂಡು ಗೋಲಾದರೆ ಇನ್ನೊಂದು. ಹಾಗಾಗಿ ಎರಡು ಟಚ್‌ಡೌನ್‌ಗೆ ಎರಡೂ ಒದೆತ ಕೂಡಿಬಂದರೆ 12, ಎರಡೂ ತಪ್ಪಿದರೆ 10. ಮೂರು ಯತ್ನದೊಳಗೆ 5 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಮುಂದಕ್ಕೆ ಎಸೆಯುವಂತಿರಲಿಲ್ಲ, ಆದ್ದರಿಂದ ಪ್ರತಿ ಗಜವನ್ನೂ ಮೈಬಲದಿಂದಲೇ ಗೆಲ್ಲಬೇಕಿತ್ತು. ದಾಳಿಗೂ ರಕ್ಷಣೆಗೂ ಅದೇ 11 ಮಂದಿ. ಮಧ್ಯೆ ಹೊರನಡೆದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಪೆಟ್ಟಾದರೂ ಹುಡುಗರು ಮೈದಾನ ಬಿಡಲು ಹಿಂಜರಿಯುತ್ತಿದ್ದುದು ಇದಕ್ಕೇ.

ಆ ವರ್ಷ ಸುವಾನಿ ವಿರುದ್ಧ ಅಂಕ ಗಳಿಸಿದ ಏಕೈಕ ತಂಡ ಜಾನ್ ಹೈಸ್‌ಮನ್ ತರಬೇತಿಯ ಆಬರ್ನ್. ನವೆಂಬರ್ 30ರ ಆ ಪಂದ್ಯದಲ್ಲಿ ಸುವಾನಿ 11–10ರಿಂದ ಪಾರಾಯಿತು. ಎರಡೇ ದಿನಕ್ಕೆ ಅಟ್ಲಾಂಟಾದಲ್ಲಿ ನಾರ್ತ್ ಕೆರೊಲಿನಾವನ್ನು 5–0ರಿಂದ ಸೋಲಿಸಿ ಋತು ಮುಗಿಸಿತು.

ಮುಂದೆ ಬದಲಾದದ್ದು
1905ರಲ್ಲಿ ಈ ಆಟದ ಸಾವುನೋವು ದೇಶವನ್ನೇ ಬೆಚ್ಚಿಬೀಳಿಸಿತು. ಮರುವರ್ಷವೇ ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. 1912ರಿಂದ ಟಚ್‌ಡೌನ್‌ಗೆ 6 ಅಂಕ, 10 ಗಜಕ್ಕೆ ನಾಲ್ಕು ಯತ್ನ ಎಂದಾಯಿತು. ಈಗ ಕಾಲೇಜು ತಂಡಗಳು ಸಾಮಾನ್ಯವಾಗಿ ವಾರಕ್ಕೊಂದೇ ಪಂದ್ಯ ಆಡುತ್ತವೆ. ಆಟಗಾರರ ದೇಹ ಚೇತರಿಸಿಕೊಳ್ಳಲು ಅಷ್ಟು ಬಿಡುವು ಬೇಕೇ ಬೇಕು. ಸುವಾನಿ ಹುಡುಗರ ಎದೆಗಾರಿಕೆಯನ್ನು ಮನಸಾರೆ ಮೆಚ್ಚೋಣ. ಆದರೆ ಆ ದಾಖಲೆಯನ್ನು ಇನ್ಯಾರೂ ಮುರಿಯಬೇಕಾದ ಪರಿಸ್ಥಿತಿ ಬಾರದಿರುವುದೇ ಆಟಕ್ಕೆ ಒಳ್ಳೆಯದು.