ಪ್ರಬೋಧನೆಯ ವೇಳೆ ಆಡುವ ಮಗು

ಪ್ರಬೋಧನೆಯ ನಡುವೆ ಮಗುವೊಂದು ಆಟದಲ್ಲಿ ತೊಡಗಿದರೆ ಅದು ದೇವರ ಸನ್ನಿಧಿಗೆ ಅಗೌರವವೇ? ಈ ಪ್ರಶ್ನೆಯನ್ನು ನಾವು ಹಳೆಯ ಮುದ್ರಣಚಿತ್ರಗಳ ಬೆಳಕಿನಲ್ಲಿ ನೋಡಬಯಸುತ್ತೇವೆ.

ಹಾಲೆಂಡಿನ ಕಲಾವಿದ ರೆಂಬ್ರಾಂಟ್ (1606–1669) ವರ್ಣಚಿತ್ರಗಳಿಗಾಗಿ ಲೋಕಪ್ರಸಿದ್ಧನು. ಆತನು ತಾಮ್ರದ ತಗಡುಗಳಿಂದ ಮುದ್ರಿಸಿದ ಸುಮಾರು 300 ಚಿತ್ರಗಳೂ ಅಷ್ಟೇ ಮಹತ್ತರವಾದವು. ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೆರೆ ಎಳೆದು, ಆಮ್ಲದಲ್ಲಿ ಅದ್ದಿದರೆ ಗೆರೆಯಿದ್ದ ಕಡೆ ಮಾತ್ರ ಲೋಹ ಸವೆಯುತ್ತದೆ. ಆ ತಗ್ಗುಗಳಲ್ಲಿ ಶಾಯಿ ತುಂಬಿ, ತೇವಗೊಳಿಸಿದ ಕಾಗದವನ್ನಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ. ಒಂದೇ ತಗಡಿನಿಂದ ಹಲವು ಪ್ರತಿಗಳು ದೊರೆಯುತ್ತವೆ. ಆ ನಾಡಿನ ಕ್ಯಾಲ್ವಿನ್ ಪಂಥದ ದೇವಾಲಯಗಳ ಗೋಡೆಗಳಿಂದ ಪವಿತ್ರ ಚಿತ್ರಗಳು ಮರೆಯಾಗಿದ್ದ ಕಾಲವದು. ಕೈಯಲ್ಲಿ ಹಿಡಿದು ನೋಡಬಹುದಾದ ಈ ಹಾಳೆಗಳು ಮನೆಗಳೊಳಗೆ ಪ್ರವೇಶಿಸಿದವು. ಮನೆಯೂ ಆ ಚಿತ್ರಗಳೊಳಗೆ ಪ್ರವೇಶಿಸಿತು.

1654ರ ಒಂದು ಚಿತ್ರದಲ್ಲಿ ಮಾತೆ ಮರಿಯಮ್ಮನವರು ನೆಲಕ್ಕೆ ಹತ್ತಿರವಾಗಿ ಕುಳಿತು ಬಾಲಯೇಸುವನ್ನು ಅವಚಿಕೊಂಡಿದ್ದಾರೆ. ಜೋಸೆಫರು ಹೊರಗಿನಿಂದ ಕಿಟಕಿಯಲ್ಲಿ ನೋಡುತ್ತಿದ್ದಾರೆ. ಮಾತೆಯ ಉಡುಪಿನ ಅಂಚಿನೊಡನೆ ಬೆಕ್ಕೊಂದು ಆಡುತ್ತಿದೆ. ಅದೇ ಉಡುಪಿನಡಿಯಿಂದ ಹಾವೊಂದು ಹರಿದುಹೋಗುತ್ತಿದೆ. ಹಾವು ಆದಿಪಾಪದ ಸಂಕೇತವೆಂದು ನಾವು ಬಲ್ಲೆವು. ಬೆಕ್ಕಿಗೂ ಪಂಡಿತರು ಅರ್ಥ ಹೇಳಿಯಾರು. ಆದರೂ ನೋಡುವವರಿಗೆ ಮೊದಲು ಅದು ಮನೆಯ ಬೆಕ್ಕೇ. ಮಾತೆಯ ಪ್ರಭಾವಳಿಯಂತೆ ಕಾಣುವುದು ಹಿಂದಿನ ಕಿಟಕಿಯ ಗಾಜು.

1633ರಲ್ಲಿ ಮೂಡಿದ ಕರುಣಾಳು ಸಮಾರಿಯದವನ ಚಿತ್ರದಲ್ಲಿ, ಗಾಯಾಳುವನ್ನು ಕುದುರೆಯಿಂದ ಇಳಿಸುತ್ತಿರುವಾಗ ಹಿಂದೆ ಹೆಣ್ಣೊಬ್ಬಳು ಬಾವಿಯಿಂದ ನೀರು ಸೇದುತ್ತಿದ್ದಾಳೆ. ಎದುರಿಗೇ ನಾಯಿಯೊಂದು ಮಲವಿಸರ್ಜನೆಗೆ ಕುಳಿತಿದೆ. ಪರೋಪಕಾರವು ಇಂತಹ ಅಂಗಳದಲ್ಲಲ್ಲದೆ ಬೇರೆಲ್ಲಿ ನಡೆಯಬೇಕು?

ನಮ್ಮನ್ನು ಹೆಚ್ಚು ಕಾಡಿದ್ದು 1650ರ ದಶಕದ, ಕ್ರಿಸ್ತರ ಪ್ರಬೋಧನೆಯ ಚಿತ್ರ. ಸ್ವಾಮಿ ಎರಡೂ ಕೈಗಳನ್ನೆತ್ತಿ ಬೋಧಿಸುತ್ತಿದ್ದಾರೆ. ಸುತ್ತಲಿನ ಕೆಲವರು ಆಲಿಸುತ್ತಿದ್ದಾರೆ, ಕೆಲವರು ಯೋಚನೆಯಲ್ಲಿ ಮುಳುಗಿದ್ದಾರೆ. ಅವರೆಲ್ಲರ ಮುಂದೆ, ಬೋಧನೆಯ ಕಡೆ ಗಮನವೇ ಇಲ್ಲದೆ, ಮಗುವೊಂದು ಬೋರಲು ಮಲಗಿ ಧೂಳಿನಲ್ಲಿ ಬೆರಳಿನಿಂದ ಗೀಚುತ್ತಿದೆ. ಬಳಿಯಲ್ಲಿ ಅದರ ಬುಗುರಿ ಬಿದ್ದಿದೆ. ಯಾರೂ ಅದನ್ನು ಎಬ್ಬಿಸಿಲ್ಲ, ಸ್ವಾಮಿಯೂ ಗದರಿಲ್ಲ. ಯೇಸುವೇ ಒಮ್ಮೆ ನೆಲದ ಮೇಲೆ ಬೆರಳಿನಿಂದ ಬರೆದರೆಂಬುದನ್ನು ಯೊವಾನ್ನರ ಶುಭಸಂದೇಶ ಓದಿದವರು ಮರೆಯಲಾರರು.

ಹಲವು ವರ್ಷಗಳ ಹಿಂದೆ ನಾವು ಪ್ರಬೋಧನೆಯನ್ನು ನಡುವೆಯೇ ನಿಲ್ಲಿಸಿ, ಮಗುವನ್ನು ಹೊರಗೆ ಕರೆದೊಯ್ಯುವಂತೆ ತಾಯಿಯೊಬ್ಬರಿಗೆ ಹೇಳಿದೆವು. ಮುಂದಿನ ಭಾನುವಾರ ಆಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ದೈವಕೃಪೆಯು ಮನುಷ್ಯಸ್ವಭಾವವನ್ನು ಅಳಿಸದೆ ಅದನ್ನೇ ಪೂರ್ಣತೆಗೆ ಒಯ್ಯುತ್ತದೆಂಬ ಸಂತ ತೋಮಸ್ ಅಕ್ವಿನಾಸರ ಬೋಧನೆಯನ್ನು ನಾವು ಗುರುಮಠದಲ್ಲಿ ಪರೀಕ್ಷೆಗಾಗಿ ಬರೆದು ಅಂಕ ಗಳಿಸಿದ್ದೆವು. ಅದು ನಮಗೆ ತಿಳಿದದ್ದು, ಧೂಳಿನಲ್ಲಿ ಮಲಗಿರುವ ಈ ಮಗುವನ್ನು ಕಂಡ ಮೇಲೆ.

ಆದುದರಿಂದ ತಂದೆತಾಯಂದಿರು ಮಕ್ಕಳನ್ನು ಹಿಂಜರಿಯದೆ ಬಲಿಪೂಜೆಗೆ ಕರೆತರಲಿ. ಅವರು ಗದ್ದಲ ಮಾಡಿದರೆ ನಾವು ತುಸು ಗಟ್ಟಿಯಾಗಿ ಬೋಧಿಸುತ್ತೇವೆ.