ಸ್ಪೊಡಾಪ್ಟೆರಾ

ಸ್ಪೊಡಾಪ್ಟೆರಾ ನಾಕ್ಟುಯಿಡೇ ಕುಟುಂಬಕ್ಕೆ ಸೇರಿದ ಪತಂಗಗಳ ಒಂದು ಕುಲ. ಫ್ರೆಂಚ್ ಕೀಟಶಾಸ್ತ್ರಜ್ಞ ಅಶೀಲ್ ಗೆನೆ 1852ರಲ್ಲಿ ಇದನ್ನು ಹೆಸರಿಸಿದನು. ಈ ಕುಲದಲ್ಲಿ ಸುಮಾರು 30 ಪ್ರಭೇದಗಳಿವೆ. ಇವುಗಳಲ್ಲಿ ಹಲವು ಪ್ರಭೇದಗಳ ಮರಿಹುಳುಗಳು ಬೆಳೆಗಳಿಗೆ ತೀವ್ರ ಹಾನಿ ಮಾಡುತ್ತವೆ. ಗುಂಪಾಗಿ ಒಂದು ಹೊಲದಿಂದ ಮತ್ತೊಂದಕ್ಕೆ ಸಾಗುವ ಪ್ರಭೇದಗಳಿರುವುದರಿಂದ ಇವುಗಳಿಗೆ ಸೈನಿಕ ಹುಳು ಎಂಬ ಹೆಸರಿದೆ.

ಜೀವನಚಕ್ರ

ಹೆಣ್ಣು ಪತಂಗವು ಎಲೆಗಳ ಮೇಲೆ ಗುಂಪುಗುಂಪಾಗಿ ಮೊಟ್ಟೆಯಿಟ್ಟು, ತನ್ನ ದೇಹದ ಕೂದಲಿನಂತಹ ಹುರುಪೆಗಳಿಂದ ಅವನ್ನು ಮುಚ್ಚುತ್ತದೆ. ಮರಿಹುಳುಗಳು ಮೊದಲು ಎಲೆಯ ಹಸಿರು ಭಾಗವನ್ನು ಕೆರೆದು ತಿನ್ನುತ್ತವೆ. ಬೆಳೆದಂತೆ ಚದುರಿ, ಹೆಚ್ಚಾಗಿ ರಾತ್ರಿಯಲ್ಲಿ ಮೇಯುತ್ತವೆ. ಕೋಶಾವಸ್ಥೆಯು ಸಾಮಾನ್ಯವಾಗಿ ಮಣ್ಣಿನಲ್ಲಿ ಕಳೆಯುತ್ತದೆ.

ಪ್ರಮುಖ ಪ್ರಭೇದಗಳು

* ಸ್ಪೊಡಾಪ್ಟೆರಾ ಲಿಟುರಾ (ಫ್ಯಾಬ್ರಿಶಿಯಸ್, 1775) – ತಂಬಾಕಿನ ಎಲೆ ತಿನ್ನುವ ಹುಳು. ನೆಲಗಡಲೆ, ಸೋಯಾ ಅವರೆ, ಹತ್ತಿ, ಎಲೆಕೋಸು ಮುಂತಾದವುಗಳನ್ನೂ ಬಾಧಿಸುತ್ತದೆ.
* ಸ್ಪೊಡಾಪ್ಟೆರಾ ಫ್ರುಜಿಪರ್ಡಾ (ಜೆ. ಇ. ಸ್ಮಿತ್, 1797) – ಫಾಲ್ ಸೈನಿಕ ಹುಳು, ಅಮೆರಿಕ ಖಂಡಗಳ ಮೂಲದ್ದು.
* ಸ್ಪೊಡಾಪ್ಟೆರಾ ಎಕ್ಸಿಗುವಾ (ಹ್ಯೂಬ್ನರ್, 1808) – ಬೀಟ್ ಸೈನಿಕ ಹುಳು.
* ಸ್ಪೊಡಾಪ್ಟೆರಾ ಮಾರಿಷಿಯಾ (ಬ್ವಾಡುವಾಲ್, 1833) – ಭತ್ತದ ಸಸಿಮಡಿಗಳ ಪೀಡೆ.
* ಸ್ಪೊಡಾಪ್ಟೆರಾ ಲಿಟ್ಟೊರಾಲಿಸ್ (ಬ್ವಾಡುವಾಲ್, 1833) – ಆಫ್ರಿಕ ಮತ್ತು ಮೆಡಿಟರೇನಿಯನ್ ಪ್ರದೇಶಗಳ ಹತ್ತಿಯ ಪೀಡೆ.

ಕರ್ನಾಟಕದಲ್ಲಿ

ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕವನ್ನು ತಲುಪಿತು. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಿನಲ್ಲಿ, ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ. ಈ ಪತಂಗವು ಒಂದು ರಾತ್ರಿಯಲ್ಲಿ ಸುಮಾರು 100 ಕಿ.ಮೀ. ಹಾರಬಲ್ಲದಾದ್ದರಿಂದ ಪೀಡೆಯು ಶೀಘ್ರವಾಗಿ ಇತರ ರಾಜ್ಯಗಳಿಗೂ ಹರಡಿತು. ಒಂದು ಕಾಲದಲ್ಲಿ ಆಲೂಗಡ್ಡೆಗೆ ಹೆಸರಾಗಿದ್ದ ಹಾಸನ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಈಗ ಮುಸುಕಿನ ಜೋಳ ಮುಖ್ಯ ಬೆಳೆಯಾಗಿರುವುದರಿಂದ ಅಲ್ಲಿನ ರೈತರಿಗೆ ಈ ಹುಳು ನೇರ ಸಂಕಟ ತಂದಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತ ಬೆಳೆಯುವ ತಂಬಾಕಿಗೆ ಸ್ಪೊಡಾಪ್ಟೆರಾ ಲಿಟುರಾ ಹಳೆಯ ಶತ್ರು.

ಗುರುತಿಸುವಿಕೆ

ಫಾಲ್ ಸೈನಿಕ ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂತಹ ಬಿಳಿ ಗೆರೆಯಿದೆ. ಹೊಟ್ಟೆಯ ಎಂಟನೆಯ ಖಂಡದ ಮೇಲೆ ನಾಲ್ಕು ಕಪ್ಪು ಚುಕ್ಕೆಗಳು ಚೌಕಾಕಾರದಲ್ಲಿರುತ್ತವೆ. ಬಾಧಿತ ಗಿಡದ ಎಲೆಗಳಲ್ಲಿ ಸಾಲು ರಂಧ್ರಗಳೂ ಸುಳಿಯಲ್ಲಿ ಮರದ ಹೊಟ್ಟಿನಂತಹ ಹಿಕ್ಕೆಯೂ ಕಾಣುತ್ತವೆ.

ನಿಯಂತ್ರಣ

ಬಲಿತ ಹುಳು ಸುಳಿಯೊಳಗೆ ಅಡಗಿ ತನ್ನ ಹಿಕ್ಕೆಯಿಂದಲೇ ಮರೆಯಾಗುವುದರಿಂದ ಸಿಂಪಡಿಸಿದ ಔಷಧಿ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಆದ್ದರಿಂದ ಬೆಳೆ ಎಳೆಯದಾಗಿರುವಾಗಲೇ ಮೊಟ್ಟೆಗುಂಪುಗಳನ್ನು ಹುಡುಕಿ ನಾಶಪಡಿಸುವುದು ಮುಖ್ಯ. ಮೋಹಕ ಬಲೆಗಳು ಗಂಡು ಪತಂಗಗಳನ್ನು ಆಕರ್ಷಿಸಿ ಪೀಡೆಯ ಆಗಮನವನ್ನು ಸೂಚಿಸುತ್ತವೆ. ಟ್ರೈಕೊಗ್ರಾಮಾ ಮತ್ತು ಟೆಲೆನೋಮಸ್ ಪರತಂತ್ರ ಕಣಜಗಳು ಮೊಟ್ಟೆಗಳನ್ನು ನಾಶಮಾಡುತ್ತವೆ. ತೇವಾಂಶ ಹೆಚ್ಚಿರುವಾಗ ಮೆಟರೈಜಿಯಂ ರಿಲೈ ಶಿಲೀಂಧ್ರವು ಮರಿಹುಳುಗಳಿಗೆ ರೋಗ ತಂದು ಅವುಗಳನ್ನು ಸಹಜವಾಗಿಯೇ ಹತೋಟಿಯಲ್ಲಿಡುತ್ತದೆ.